ವಯಸ್ಸು ಹದಿನೇಳು, ತಾಯಿ ಕಾರ್ಡು ಕೆಂಪು

ಗರ್ಭಿಣಿಯ ಹೆಸರು ನೋಂದಾಯಿಸಿದಾಗ ಆರೋಗ್ಯ ಇಲಾಖೆ ಕೊಡುವ ತಾಯಿ ಕಾರ್ಡಿನಲ್ಲಿ ವಯಸ್ಸಿಗೆಂದು ಒಂದು ಸಣ್ಣ ಕಾಲಂ ಇದೆ. ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರ ಆಶಾ ಕಾರ್ಯಕರ್ತೆ ಆ ಜಾಗದಲ್ಲಿ ನಿಜ ವಯಸ್ಸನ್ನೇ ಬರೆಸುತ್ತಾರೆ ಎಂದು ಕೇಳಿ ಅವರನ್ನು ಕಾಣಲು ಹೋದೆ. ಅವರ ಹೆಸರನ್ನೂ ಊರಿನ ಹೆಸರನ್ನೂ ಇಲ್ಲಿ ಬರೆಯುವಂತಿಲ್ಲ. ಬರೆದರೆ ಅವರು ಕಾಪಾಡಿದ ಹುಡುಗಿಯರ ಗುರುತು ಸಿಕ್ಕಿಬಿಡುತ್ತದೆ. ಊರೆಲ್ಲ ಅವರನ್ನು ಅಕ್ಕ ಎನ್ನುತ್ತದೆ, ಇಲ್ಲಿಯೂ ಅಕ್ಕ ಎಂದೇ ಇರಲಿ.

ಹದಿನಾರು, ಹದಿನೇಳಕ್ಕೆ ಬಸುರಾದ ಹುಡುಗಿಯನ್ನು ಉಪಕೇಂದ್ರಕ್ಕೆ ಕರೆತರುವ ಮನೆಯವರು ಮೊದಲು ಬೇಡುವುದು ಒಂದೇ: "ಹತ್ತೊಂಬತ್ತು ಅಂತ ಬರ್ಕೊಳ್ರಿ." ಪೊಲೀಸರ ಭಯ ಅವರಿಗೆ. ಅನೇಕ ಕಡೆ ಸಿಬ್ಬಂದಿಗೂ ಅದೇ ಅನುಕೂಲ. ಅಕ್ಕ ಮಾತ್ರ ಪಟ್ಟು ಬಿಡುವುದಿಲ್ಲ. "ಹತ್ತೊಂಬತ್ತು ಅಂತ ಬರದ್ರ ಅಕಿ ಎಲ್ಲಾರ ಹಂಗ ಒಬ್ಬಾಕಿ ಆಗಿಬಿಡ್ತಾಳ್ರಿ. ಹದಿನೇಳು ಅಂತ ಬರದ್ರ ಡಾಕ್ಟರು ಇನ್ನೊಮ್ಮಿ ತಿರುಗಿ ನೋಡ್ತಾರ" ಎನ್ನುತ್ತಾರೆ.

ಅವರ ಮಾತಿಗೆ ವೈದ್ಯಶಾಸ್ತ್ರದ ಬಲವಿದೆ. ಇಪ್ಪತ್ತು ದಾಟಿದವರಿಗಿಂತ ಹದಿಹರೆಯದ ಬಸುರಿಯರಲ್ಲಿ ರಕ್ತದೊತ್ತಡ ಏರಿ ಬರುವ ನಂಜು, ಹೆರಿಗೆಯ ನಂತರದ ಸೋಂಕು ಹೆಚ್ಚು. ಕೂಸು ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಸಂಭವವೂ ಹೆಚ್ಚು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸುರಕ್ಷಿತ ಮಾತೃತ್ವ ತಪಾಸಣೆಯಲ್ಲಿ ಅಪಾಯದ ಗರ್ಭಿಣಿಯರ ಕಾರ್ಡಿಗೆ ಕೆಂಪು ಸ್ಟಿಕರ್ ಅಂಟಿಸುತ್ತಾರೆ. ಎಳೆಯ ವಯಸ್ಸೊಂದೇ ಸಾಕು, ಆ ಸ್ಟಿಕರ್ ಬೀಳಬೇಕು. ಸುಳ್ಳು ವಯಸ್ಸು ಬರೆಸಿದರೆ ಕೆಂಪಾಗಬೇಕಾದ ಕಾರ್ಡು ಹಸಿರಾಗಿಯೇ ಉಳಿಯಬಹುದು. ಹೆರಿಗೆ ಕಷ್ಟವಾದ ರಾತ್ರಿ ಆಂಬುಲೆನ್ಸ್ ಎಲ್ಲಿಗೆ ಓಡಬೇಕೆಂಬುದೂ ಆಗ ತಡವಾಗಿ ತಿಳಿಯುತ್ತದೆ.

ಅಕ್ಕ ಮನೆಭೇಟಿಗೆ ಹೋಗುವ ರೀತಿಯೇ ಬೇರೆ. ಒಳಗೆ ಹೋದವರೇ ಅತ್ತೆಯ ಪಕ್ಕ ಒಲೆಯ ಮುಂದೆ ಕೂರುತ್ತಾರೆ. ಈ ಸಲದ ಜೋಳ ಹೆಂಗ, ಎಮ್ಮೆ ಕರು ಹಾಕಿತೇ, ಹೀಗೆ ಮಾತು ಶುರುವಾಗುತ್ತದೆ. ಹುಡುಗಿಯನ್ನು ನೇರವಾಗಿ ಏನನ್ನೂ ಕೇಳುವುದಿಲ್ಲ. ಹೊರಡುವಾಗ ಮಾತ್ರ "ಬಾ ತಂಗಿ, ಅಂಗನವಾಡಿತನಕ ಬಾ" ಎಂದು ಕರೆಯುತ್ತಾರೆ. ದಾರಿಯಲ್ಲಿ ನಿಜವಾದ ಮಾತು ನಡೆಯುತ್ತದೆ: ಕಣ್ಣು ಮಂಜಾಗುತ್ತದೆಯೇ, ಕಾಲು ಬಾತಿದೆಯೇ, ಗಂಡ ಹೊಡೆಯುತ್ತಾನೆಯೇ, ರಾತ್ರಿ ಊಟ ಮಾಡಿದೆಯಾ.

ಈ ನಡಿಗೆಗೆ ನೆಪ ಒದಗಿಸಿದ್ದು ಮಾತೃಪೂರ್ಣ ಯೋಜನೆ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ ಬಡಿಸುವ ಈ ಯೋಜನೆ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾಯಿತು. ಅನ್ನ, ಸಾಂಬಾರು, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ. ಇದರ ಪೌಷ್ಟಿಕ ಲೆಕ್ಕವನ್ನು ಅಧಿಕಾರಿಗಳು ಹೇಳುತ್ತಾರೆ. ಅಕ್ಕ ಹೇಳುವುದು ಇನ್ನೊಂದು ಲೆಕ್ಕ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಕಿರಿಸೊಸೆ ಅಂಗನವಾಡಿಯಲ್ಲಿ ಮೊದಲ ಪಂಕ್ತಿಗೆ ಕೂರುತ್ತಾಳೆ. ಕಬ್ಬಿಣದ ಗುಳಿಗೆಯನ್ನು ಅಕ್ಕನ ಎದುರಿಗೇ ನುಂಗುತ್ತಾಳೆ. ದಿನಕ್ಕೊಂದು ಗಂಟೆ ಸೊಸೆಯ ಪಾತ್ರದಿಂದ ಬಿಡುಗಡೆ. "ಊಟ ಒಂದ ಅಲ್ರಿ, ಅಲ್ಲಿ ಅಕಿ ನಗತಾಳ" ಎಂದರು.

ಹೆರಿಗೆಯಾದ ಮೇಲೆ ಅಕ್ಕನ ಓಡಾಟ ಇನ್ನೂ ಹೆಚ್ಚು. ಆಸ್ಪತ್ರೆಯಲ್ಲಿ ಹೆತ್ತ ತಾಯಿಯ ಮನೆಗೆ 3, 7, 14, 21, 28 ಮತ್ತು 42ನೇ ದಿನ ಆಶಾ ಹೋಗಲೇಬೇಕು. ಜೋಳಿಗೆಯಲ್ಲಿ ಕೂಸನ್ನಿಟ್ಟು ತೂಕ ನೋಡಬೇಕು, ಮೈ ಬಿಸಿ ನೋಡಬೇಕು, ಹೊಕ್ಕಳು ನೋಡಬೇಕು. ಎಳೆಯ ತಾಯಿಯಾದರೆ ಇದಿಷ್ಟು ಸಾಲದು. ತಲೆಗೆ ಕೈಯಾನಿಸಿ ಕೂಸನ್ನು ಎತ್ತಿಕೊಳ್ಳುವುದರಿಂದ ಹಿಡಿದು ಎದೆಗೆ ಹಾಕಿಕೊಳ್ಳುವವರೆಗೆ ಎಲ್ಲವನ್ನೂ ಕಲಿಸಬೇಕು. ಕೂಸು ಅತ್ತರೆ ತಾನೂ ಅಳುವ ಹುಡುಗಿಯರಿದ್ದಾರಂತೆ. ಬೆಲ್ಲದ ನೀರು ನೆಕ್ಕಿಸಲು ಬರುವ ಹಿರಿಯರನ್ನು ಸಿಟ್ಟಾಗದಂತೆ ತಡೆಯುವುದೂ ಅಕ್ಕನದೇ ಕೆಲಸ. ಅಂಟಿನುಂಡಿ, ಕೊಬ್ಬರಿ ಖಾರ, ಲೋಬಾನದ ಹೊಗೆ ಎಂದು ತವರಿನಲ್ಲಿ ನಡೆಯುವ ಬಾಣಂತನದಲ್ಲಿ ಯಾವುದು ಒಳ್ಳೆಯದು, ಯಾವುದು ಬೇಡ ಎಂದು ಜಗಳವಿಲ್ಲದೆ ಬೇರ್ಪಡಿಸಿ ಕೊಡುತ್ತಾರೆ. ಎರಡನೆಯದು ಬೇಗ ನಿಲ್ಲಬಾರದೆಂದು ಮೂರು ತಿಂಗಳಿಗೊಮ್ಮೆ ಹಾಕಿಸುವ 'ಅಂತರಾ' ಚುಚ್ಚುಮದ್ದಿನ ಮಾತನ್ನು ಗಂಡನ ಕಿವಿಗೂ ಹಾಕುತ್ತಾರೆ.

ಅಕ್ಕನ ಬಳಿ ಇಲಾಖೆ ಕೊಟ್ಟ ಡೈರಿಯ ಜೊತೆಗೆ ಇನ್ನೊಂದು ನೋಟ್‌ಬುಕ್ ಇದೆ. ಸ್ಕೇಲು ಇಟ್ಟು ತಾವೇ ಗೆರೆ ಹಾಕಿಕೊಂಡದ್ದು. ಎಳೆಯ ತಾಯಂದಿರ ಹೆಸರು, ಕೂಸಿನ ತೂಕ, ಕೊನೆಗೆ ಒಂದು ಕಾಲಂ: 'ಸಾಲಿ ಎಷ್ಟನೆತ್ತಾ ಬಿಟ್ಟಾಳ'. ಎಂಟು, ಒಂಬತ್ತು, ಹತ್ತು ಫೇಲು, ಪಿಯುಸಿ ಮೊದಲನೇ ವರ್ಷ. ಇದನ್ನು ಬರೆಯಲು ಅವರಿಗೆ ಯಾರೂ ಹೇಳಿಲ್ಲ, ಯಾವ ಮೇಲಧಿಕಾರಿಯೂ ಕೇಳುವುದಿಲ್ಲ. ಏಕೆ ಬರೆದಿರಿ ಎಂದೆ. "ಬಸುರಾದ ಮ್ಯಾಲೆ ಎಲ್ಲಾರೂ ಎಷ್ಟನೇ ತಿಂಗಳು ಅಂತ ಕೇಳತಾರ್ರಿ. ಎಷ್ಟನೆತ್ತಾ ಅಂತ ಯಾರೂ ಕೇಳೂದಿಲ್ಲ. ಒಬ್ಬರಾದ್ರೂ ಕೇಳಬೇಕಲ್ಲ?"

ಹಿಂದೆ ಇಂಥ ಹುಡುಗಿಯರಿಗೆ ಆಸರೆ ಎಂದರೆ ತವರು ಮತ್ತು ಸೂಲಗಿತ್ತಿ, ಅಷ್ಟೇ. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ತೀರಿಕೊಂಡ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಮದುವೆಯಾದಾಗ ಹನ್ನೆರಡು ವರ್ಷ. 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ಆರಂಭವಾದವು. 2005ರ ಗ್ರಾಮೀಣ ಆರೋಗ್ಯ ಅಭಿಯಾನ ಆಶಾ ಕಾರ್ಯಕರ್ತೆಯರನ್ನು ತಂದಿತು. ಹದಿಹರೆಯದವರ ಆಪ್ತ ಸಲಹೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳು ಬಂದವು. ತೊಂದರೆಯಲ್ಲಿರುವ ಮಗು ತಾನೇ ಕರೆ ಮಾಡಬಹುದಾದ 1098 ಸಹಾಯವಾಣಿ ಇದೆ. ಹೀಗೆ ಅರ್ಧ ಶತಮಾನದಲ್ಲಿ ಒಂದೊಂದಾಗಿ ಕೂಡಿಬಂದ ವ್ಯವಸ್ಥೆ ಇದು. ಎಳೆಯ ತಾಯಿಗಾಗಿಯೇ ಹುಟ್ಟಿದ್ದು ಇದರಲ್ಲಿ ಒಂದೂ ಇಲ್ಲ. ಎಲ್ಲವನ್ನೂ ಅವಳ ಕೈಗೆ ಎಟುಕುವಂತೆ ಮಾಡುವುದು ಅಕ್ಕನಂಥವರ ಕಾಲ್ನಡಿಗೆ.

ಇಂಥ ಎಳೆಯ ತಾಯಂದಿರು ಕಡಿಮೆಯೇನಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ 21ರಷ್ಟು ಮಂದಿಗೆ ಹದಿನೆಂಟರೊಳಗೇ ಮದುವೆಯಾಗಿತ್ತು. 15ರಿಂದ 19ರ ಹುಡುಗಿಯರಲ್ಲಿ ಶೇ 5ಕ್ಕೂ ಹೆಚ್ಚು ಮಂದಿ ಸಮೀಕ್ಷೆಯ ವೇಳೆಗೆ ತಾಯಂದಿರಾಗಿದ್ದರು, ಇಲ್ಲವೇ ಬಸುರಿಯರಾಗಿದ್ದರು.

ಇನ್ನು ಕಾನೂನು. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ 2011ರಲ್ಲಿ ಬಾಲ್ಯವಿವಾಹ ತಡೆಗೆ ವಿವರವಾದ ವರದಿ ಕೊಟ್ಟಿತು. 2016ರ ರಾಜ್ಯ ತಿದ್ದುಪಡಿ ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧು ಎಂದಿತು. ಹದಿನೆಂಟರೊಳಗಿನ ಹೆಂಡತಿಯೊಂದಿಗಿನ ದೈಹಿಕ ಸಂಬಂಧವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಪೋಕ್ಸೊ ಕಾಯ್ದೆಯಂತೆ ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕು. ಇವೆಲ್ಲ ಹುಡುಗಿಯ ರಕ್ಷಣೆಗಾಗಿಯೇ ಬಂದ ಕಾನೂನುಗಳು, ಬೇಕೇ ಬೇಕು. ಆದರೆ ಗಂಡ ಜೈಲಿಗೆ ಹೋದಾನೆಂಬ ಭಯದಲ್ಲಿ ಹುಡುಗಿಯನ್ನು ಆಸ್ಪತ್ರೆಗೇ ಕರೆತರದ ಮನೆಗಳೂ ಇವೆ. ಮಕ್ಕಳ ಕಲ್ಯಾಣ ಸಮಿತಿ, ಬಾಲಕಿಯರ ಬಾಲಮಂದಿರ, ಪ್ರಕರಣದುದ್ದಕ್ಕೂ ಜೊತೆಗಿರಬೇಕಾದ ಬೆಂಬಲ ವ್ಯಕ್ತಿ, ಪರಿಹಾರಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಇಷ್ಟೆಲ್ಲ ಅವಳಿಗಾಗಿ ಇದೆ. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯೂ ಅವಳ ಪೋಷಕರೂ ಕೋರಿದರೆ ವೈದ್ಯರು ಅವಳ ಹೆಸರನ್ನು ಪೊಲೀಸರಿಗೆ ತಿಳಿಸಬೇಕಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೆ. ಸಾಕಲಾಗದ ಕೂಸನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿದರೆ ಮನಸ್ಸು ಬದಲಿಸಲು ಎರಡು ತಿಂಗಳ ಕಾಲಾವಕಾಶ ಇದೆ. ಇಷ್ಟನ್ನು ಹಳ್ಳಿಯ ಹುಡುಗಿಗೆ ಅವಳ ಮಾತಿನಲ್ಲೇ ತಿಳಿಸಿ ಹೇಳುವವರು ಬೇಕಷ್ಟೆ. ಇನ್ನೊಂದು ನೋವೂ ಇದೆ. ಮೊದಲ ಹೆರಿಗೆಗೆ 5,000 ರೂಪಾಯಿ ಕೊಡುವ ಮಾತೃವಂದನಾ ಯೋಜನೆಗೆ ವಯಸ್ಸಿನ ಮಿತಿ ಇದೆ. ಹದಿನೇಳೆಂದು ನಿಜ ಹೇಳಿದವಳಿಗೆ ಆ ಹಣವಿಲ್ಲ.

ಅಕ್ಕನ ನೋಟ್‌ಬುಕ್ಕಿನ ಕೊನೆಯ ಕಾಲಮಿಗೆ ಉತ್ತರ ಕೊಟ್ಟ ದೇಶವೊಂದಿದೆ. ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ 1978ರಲ್ಲಿ ಶುರುವಾದ ಮಹಿಳಾ ಕೇಂದ್ರ, ಬಸುರಾಗಿ ಶಾಲೆ ಬಿಟ್ಟ ಹುಡುಗಿಯರಿಗೆ ಪಾಠ ಹೇಳುತ್ತದೆ. ಹೆತ್ತ ಮೇಲೆ ಕೂಸನ್ನು ಅಲ್ಲಿನ ಶಿಶುಪಾಲನಾ ಕೊಠಡಿಯಲ್ಲಿಟ್ಟು ಹುಡುಗಿ ತರಗತಿಗೆ ಹೋಗಬಹುದು. ಮುಂದೆ ಅವಳನ್ನು ಮತ್ತೆ ಶಾಲೆಗೆ ಸೇರಿಸುವುದೂ ಕೇಂದ್ರದ ಹೊಣೆ. ಕ್ರಮೇಣ ದ್ವೀಪದ ಇತರ ಊರುಗಳಿಗೂ ಅದು ಹಬ್ಬಿತು. ಎಳೆಯ ತಾಯಂದಿರನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳುವುದೇ 2013ರಲ್ಲಿ ಅಲ್ಲಿನ ಸರ್ಕಾರದ ನೀತಿಯಾಯಿತು.

ನಮ್ಮಲ್ಲಿಯೂ ಬೇಕಾದ ಸಾಮಗ್ರಿ ಇಲ್ಲದಿಲ್ಲ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ 2023ರಲ್ಲಿ ರಾಜ್ಯ ಸರ್ಕಾರ ಘೋಷಿಸಿತು. ಕೂಲಿಗೆ ಹೋಗುವ ತಾಯಿಯ ಕೂಸನ್ನು ನೋಡಿಕೊಳ್ಳುವ ಮನೆ, ಹತ್ತನೇ ತರಗತಿಗೆ ಹೋಗುವ ತಾಯಿಯ ಕೂಸನ್ನೂ ನೋಡಿಕೊಳ್ಳಬಲ್ಲದು. ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಕಟ್ಟುವ ದಾರಿ ಇದ್ದೇ ಇದೆ. ಇವೆರಡನ್ನು ಜೋಡಿಸಲು ಹೊಸ ಕಟ್ಟಡ ಬೇಕಿಲ್ಲ. ಮುಖ್ಯೋಪಾಧ್ಯಾಯರು, ಪಿಡಿಒ, ಅಂಗನವಾಡಿ ಮೇಲ್ವಿಚಾರಕಿ ಒಂದು ಮಧ್ಯಾಹ್ನ ಒಟ್ಟಿಗೆ ಕೂತರೆ ಆಗುವ ಕೆಲಸ.

ಅಕ್ಕನ ಪಟ್ಟಿಯಲ್ಲಿರುವ ಹುಡುಗಿಯರಲ್ಲಿ ಮತ್ತೆ ಪುಸ್ತಕ ಹಿಡಿದವರು ಬೆರಳೆಣಿಕೆಯಷ್ಟು. ಉಳಿದವರಲ್ಲಿ ಕೆಲವರು ದುಡಿಯಲು ಗುಳೆ ಹೋಗಿದ್ದಾರೆ, ಕೆಲವರಿಗೆ ಎರಡನೇ ಕೂಸು. ಎದುರಿಗೆ ಸಿಕ್ಕಾಗ ಕೂಸಿನ ತೂಕ ಎಷ್ಟಾಗಿದೆ ಎಂದು ತಾವಾಗಿಯೇ ಹೇಳುತ್ತಾರಂತೆ. ಓದಿನ ಮಾತು ಎತ್ತಿದರೆ "ಈಗೆಲ್ಲಿ ಅಕ್ಕಾ" ಎಂದು ಮುಂದೆ ನಡೆಯುತ್ತಾರಂತೆ. ಆದರೂ ಪ್ರತಿ ಜೂನ್‌ನಲ್ಲಿ, ಶಾಲೆ ಶುರುವಾಗುವ ಹೊತ್ತಿಗೆ, ಅಕ್ಕ ಅವರ ಮನೆಗಳಿಗೆ ಮತ್ತೊಮ್ಮೆ ಹೋಗಿ ಕೇಳಿಬರುತ್ತಾರೆ. ಆ ಕೆಲಸಕ್ಕೆ ಅವರಿಗೆ ಪ್ರೋತ್ಸಾಹಧನವಿಲ್ಲ, ಹೋಗಬೇಕೆಂಬ ಆದೇಶವೂ ಇಲ್ಲ. ಒಬ್ಬಳಾದರೂ ಹ್ಞೂಂ ಎನ್ನುವ ಹೊತ್ತಿಗೆ, ಅವಳನ್ನೂ ಅವಳ ಕೂಸನ್ನೂ ಒಟ್ಟಿಗೆ ಬಾ ಎನ್ನುವ ಶಾಲೆ ಆ ಊರಲ್ಲಿ ಇರಬೇಕಿತ್ತು.