ರಿಪೋರ್ಟಿನಲ್ಲಿ ‘ಲಾರ್ಡೋಸಿಸ್’ ಎಂದಿದ್ದರೆ ಅದು ಕಾಯಿಲೆಯೇ?

ಬೆನ್ನುನೋವೆಂದು ಎಕ್ಸ್-ರೇ ತೆಗೆಸಿದರೆ ರಿಪೋರ್ಟಿನಲ್ಲಿ ಕೈಫೋಸಿಸ್, ಲಾರ್ಡೋಸಿಸ್, ಸ್ಕೋಲಿಯೋಸಿಸ್ ಎಂಬ ಪದಗಳು ಕಾಣಿಸಬಹುದು. ಇವೆಲ್ಲ ಕಾಯಿಲೆಯ ಹೆಸರುಗಳೆಂದು ಹಲವರು ಗಾಬರಿಯಾಗುತ್ತಾರೆ. ವಾಸ್ತವದಲ್ಲಿ ಇವು ಬೆನ್ನಿನ ಬಾಗನ್ನು ಸೂಚಿಸುವ, ಗ್ರೀಕ್ ಮೂಲದಿಂದ ಇಂಗ್ಲಿಷಿಗೆ ಬಂದ ಪದಗಳು.

ಆರೋಗ್ಯವಂತರ ಬೆನ್ನೆಲುಬು ಕೋಲಿನಂತೆ ನೆಟ್ಟಗಿರುವುದಿಲ್ಲ. ಪಕ್ಕದಿಂದ ನೋಡಿದರೆ ಎದೆಯ ಹಿಂಭಾಗದಲ್ಲಿ ಹೊರಕ್ಕೆ ಉಬ್ಬಿರುತ್ತದೆ; ಇದು ಕೈಫೋಸಿಸ್. ಕುತ್ತಿಗೆ ಮತ್ತು ಸೊಂಟದಲ್ಲಿ ಒಳಕ್ಕೆ ಬಾಗಿರುತ್ತದೆ, ಇದು ಲಾರ್ಡೋಸಿಸ್. ಈ ಬಾಗುಗಳು ಎಲ್ಲರಲ್ಲೂ ಇವೆ, ಇರಲೇಬೇಕು. ನಡೆಯುವಾಗ, ಜಿಗಿಯುವಾಗ ಬೀಳುವ ಭಾರವನ್ನು ಸ್ಪ್ರಿಂಗಿನಂತೆ ತಾಳಿಕೊಳ್ಳಲು ಇವು ನೆರವಾಗುತ್ತವೆ. ಎದೆಯ ಭಾಗದ ಬಾಗು ಸುಮಾರು 20ರಿಂದ 40 ಡಿಗ್ರಿ ಇದ್ದರೆ ಸಹಜ. ಅದು ಅತಿಯಾದಾಗ ಮಾತ್ರ ನಾವು ಗೂನುಬೆನ್ನು ಎನ್ನುತ್ತೇವೆ.

‘ಲಾಸ್ ಆಫ್ ಲಂಬಾರ್ ಲಾರ್ಡೋಸಿಸ್’ ಎಂದು ಬರೆದಿದ್ದರೆ? ಸೊಂಟದ ಒಳಬಾಗು ಕಡಿಮೆ ಕಾಣುತ್ತಿದೆ ಎಂದಷ್ಟೇ ಅರ್ಥ. ಸ್ನಾಯು ಬಿಗಿದುಕೊಂಡಿದ್ದರೆ ಅಥವಾ ಸ್ಕ್ಯಾನ್ ವೇಳೆ ಮಂಡಿ ಮಡಚಿ ಮಲಗಿದ್ದರೂ ಹಾಗೆ ಕಾಣಬಹುದು.

ಸ್ಕೋಲಿಯೋಸಿಸ್ ಮಾತ್ರ ಬೇರೆ. ಇದು ಪಕ್ಕಕ್ಕೆ ವಾಲುವ ಬಾಗು. ಜೊತೆಗೆ ಬೆನ್ನೆಲುಬು ತಿರುಚಿಕೊಂಡಿರುತ್ತದೆ. ಬಾಗು 10 ಡಿಗ್ರಿ ಅಥವಾ ಹೆಚ್ಚಿದ್ದರೆ ಈ ಹೆಸರು ಕೊಡುತ್ತಾರೆ. ಹೆಚ್ಚಾಗಿ ಹರೆಯದಲ್ಲಿ, ಮಕ್ಕಳು ಬೇಗ ಬೇಗ ಎತ್ತರವಾಗುವಾಗ ಕಾಣಿಸಿಕೊಳ್ಳುತ್ತದೆ. ಬಾಗು ಹೆಚ್ಚುತ್ತಾ ಹೋಗುವ ಸಾಧ್ಯತೆ ಹೆಣ್ಣುಮಕ್ಕಳಲ್ಲಿ ಜಾಸ್ತಿ. ಭಾರದ ಶಾಲಾ ಬ್ಯಾಗಿನಿಂದ ಬೆನ್ನು ನೋಯಬಹುದು, ಆದರೆ ಸ್ಕೋಲಿಯೋಸಿಸ್ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆದ್ದರಿಂದ ‘ನೆಟ್ಟಗೆ ಕೂತ್ಕೋ’ ಎಂದು ಮಗುವನ್ನು ಗದರಿಸಿ ಪ್ರಯೋಜನವಿಲ್ಲ.

ಮನೆಯಲ್ಲೇ ಹೀಗೆ ನೋಡಬಹುದು: ಮಗು ಕಾಲು ಜೋಡಿಸಿ, ಅಂಗೈಗಳನ್ನು ಕೂಡಿಸಿ ಮುಂದಕ್ಕೆ ಬಾಗಲಿ. ಹಿಂದಿನಿಂದ ನೋಡಿದಾಗ ಬೆನ್ನಿನ ಒಂದು ಪಕ್ಕ ಎತ್ತರವಾಗಿ ಕಂಡರೆ ಮೂಳೆ ವೈದ್ಯರಿಗೆ ತೋರಿಸಿ. ಬೆಳವಣಿಗೆ ಮುಗಿಯುವ ಮುನ್ನ ಪತ್ತೆಯಾದರೆ, ಅಗತ್ಯವಿದ್ದವರಿಗೆ ಬೆಲ್ಟಿನಂಥ ಬ್ರೇಸ್ ತೊಡಿಸಿ ಬಾಗು ಹೆಚ್ಚದಂತೆ ತಡೆಯಲು ಅವಕಾಶವಿದೆ.

ಇನ್ನೊಂದು ತಪ್ಪು ನಂಬಿಕೆ: ‘ವಯಸ್ಸಾದ ಮೇಲೆ ಗೂನು ಸಹಜ.’ ಅಜ್ಜಿಯ ಎತ್ತರ ಕುಗ್ಗಿ, ಬೆನ್ನು ಬಾಗುತ್ತಾ ಬಂದರೆ ಮೂಳೆ ಸವೆದು ಬೆನ್ನೆಲುಬಿನ ಬಿಲ್ಲೆಗಳು ಕುಸಿದಿರಬಹುದು. ಅದಕ್ಕೆ ಚಿಕಿತ್ಸೆಯಿದೆ. ಕಾಲಲ್ಲಿ ಶಕ್ತಿ ಕುಂದಿದರೆ, ಮೂತ್ರ ಹಿಡಿತ ತಪ್ಪಿದರೆ, ಬೆನ್ನುನೋವಿನ ಜೊತೆ ಜ್ವರವಿದ್ದರೆ ತಡಮಾಡಬೇಡಿ.

ರಿಪೋರ್ಟಿನ ಪದ ನೋಡಿ ಹೆದರುವ ಬದಲು ವೈದ್ಯರನ್ನು ಕೇಳಿ: ‘ಬಾಗು ಎಷ್ಟು ಡಿಗ್ರಿ? ಹೆಚ್ಚುತ್ತಿದೆಯೇ?’