ಹಳೆಯ ಯೆಜ್ಡಿಯ ವ್ಯಾಪಾರ

ಎತ್ತು ಕೊಳ್ಳುವ ಶಾಸ್ತ್ರ ನಮ್ಮ ಹಿರಿಯರಿಗೆ ಕರತಲಾಮಲಕವಾಗಿತ್ತು. ಬಾಯಿ ಬಿಡಿಸಿ ಹಲ್ಲು ನೋಡುವರು, ಸುಳಿ ನೋಡುವರು, ನಾಲ್ಕು ಹೆಜ್ಜೆ ನಡೆಸಿ ನೋಡುವರು. ಇಷ್ಟಾದ ಮೇಲೂ ಮಾರುವವನ ಮುಖವನ್ನೊಮ್ಮೆ ನೋಡದೆ ಹಗ್ಗಕ್ಕೆ ಕೈಯಿಕ್ಕುತ್ತಿರಲಿಲ್ಲ. ಹಳೆಯ ಮೋಟಾರ್ ಸೈಕಲ್ಲು ಕೊಳ್ಳುವುದಕ್ಕೂ ಅಂಥದೇ ಒಂದು ಶಾಸ್ತ್ರವಿದೆ. ಅದನ್ನು ನಾನು ಕಲಿತದ್ದು ಪ್ರಾಯದಲ್ಲಿ ಕೈ ಸುಟ್ಟುಕೊಂಡು. ಮತ್ತೊಬ್ಬರಿಗೆ ಹೇಳಿಕೊಡುವ ಪ್ರಸಂಗ ಮೊನ್ನೆಯ ಬೇಸಗೆಯವರೆಗೆ ಬಂದಿರಲಿಲ್ಲ.

ಸಾಗರದಲ್ಲಿ ನನ್ನ ಶಿಷ್ಯನಾಗಿದ್ದ ಹುಡುಗನೊಬ್ಬನಿಗೆ ಹೊಸನಗರ ತಾಲ್ಲೂಕಿನಲ್ಲಿ, ಬಿದನೂರು ನಗರದ ಆಚೆಯ ಹಳ್ಳಿಯೊಂದರಲ್ಲಿ, ಮೇಷ್ಟರ ಕೆಲಸವಾಯಿತು. ಬೆಳಗಿನ ಬಸ್ಸು ತಪ್ಪಿದರೆ ಆ ದಿನದ ಪಾಠವೇ ತಪ್ಪಿದಂತೆ. ತಂದೆ ಅಡಕೆ ಮಾರಿದ ಹಣದಲ್ಲಿ ಸ್ವಲ್ಪ ಕೊಟ್ಟು, "ಒಂದು ಬೈಕು ತಗೋ" ಎಂದರು. ಹುಡುಗ ಅದುವರೆಗೆ ಸೈಕಲ್ಲು ಬಿಟ್ಟು ಬೇರೇನನ್ನೂ ತುಳಿದವನಲ್ಲ. ಆದರೆ ತೀರ್ಥಹಳ್ಳಿಯಲ್ಲಿ ಮಾರಾಟಕ್ಕಿದ್ದ ಒಂದು ಯೆಜ್ಡಿ ರೋಡ್‌ಕಿಂಗಿನ ಸದ್ದು ಅವನ ಕಿವಿಯಲ್ಲಿ ಕೂತುಬಿಟ್ಟಿತ್ತು. "ನೀವೂ ಬಂದು ನೋಡಿ ಸಾರ್" ಎಂದ.

ಆ ಸದ್ದಿನ ಮೋಹ ನನಗೆ ಅರ್ಥವಾಗದ್ದಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯದ ಜಾವಾ ಗಾಡಿಗಳನ್ನು ತಯಾರಿಸತೊಡಗಿದ್ದು 1961ರಲ್ಲಿ. 1973ರ ಸುಮಾರಿಗೆ ಹೆಸರು ಯೆಜ್ಡಿಯಾಯಿತು. 1996ರಲ್ಲಿ ಬಾಗಿಲು ಮುಚ್ಚಿತು. ಈಚೆಗೆ, 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ, ಇವೇ ಹೆಸರುಗಳು ಮರಳಿ ಬಂದಿವೆಯಾದರೂ ಅವುಗಳ ಯಂತ್ರ ಬೇರೆ, ಜಾತಿ ಬೇರೆ. ಮೈಸೂರಿನ ಗಾಡಿಗಳಲ್ಲಿ ಅತ್ಯಂತ ಕಿರಿಯದಕ್ಕೂ ಈಗ ಮೂವತ್ತರ ಆಸುಪಾಸಿನ ವಯಸ್ಸು; ಅಂದರೆ ನಮ್ಮ ಹುಡುಗನಿಗಿಂತ ಹಿರಿಯದು.

ನನ್ನ ಅಭಿಪ್ರಾಯವನ್ನು ಬಸ್ಸಿನಲ್ಲಿಯೇ ಹೇಳಿಬಿಟ್ಟೆ: "ಮೊದಲನೆಯ ಗಾಡಿಗೆ ಇದು ಬೇಡ. ನೂರು ಸಿ.ಸಿ.ಯ ಹಳೆಯ ಸ್ಪ್ಲೆಂಡರ್ ಒಂದನ್ನು ಕೊಂಡುಕೋ. ಅದು ಕೆಟ್ಟರೆ ರಿಪ್ಪನ್‌ಪೇಟೆಯಲ್ಲೂ ಬಿಡಿಭಾಗ ಸಿಕ್ಕುತ್ತದೆ." ಹುಡುಗ ವಿನಯದಿಂದ ತಲೆದೂಗಿದ. ಒಪ್ಪಿಗೆಯಿಲ್ಲದ ಶಿಷ್ಯರು ತಲೆದೂಗುವ ಬಗೆಯೇ ಒಂದು. ಉಪಾಧ್ಯಾಯರಿಗೆ ಅದು ಗೊತ್ತು.

ಬೆಳಿಗ್ಗೆ ಬೇಗನೆ ಹೋಗಿದ್ದೆವು. ಇದೂ ಶಾಸ್ತ್ರದ ಒಂದು ಭಾಗ. ಮಾರುವವನು ಮೊದಲೇ ಗಾಡಿಯನ್ನು ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಅದರ ಅರ್ಧ ರೋಗ ಮುಚ್ಚಿಹೋಗುತ್ತದೆ. ಎಂಜಿನ್ನಿನ ಮೇಲೆ ಅಂಗೈಯಿಟ್ಟೆ, ತಣ್ಣಗಿತ್ತು. ಯೆಜ್ಡಿಯಲ್ಲಿ ಕಿಕ್ಕರೂ ಗೇರೂ ಎಡಗಡೆಯ ಒಂದೇ ಸನ್ನೆ. ಅದನ್ನು ಮೇಲಕ್ಕೆ ಮಡಿಸಿ ತುಳಿಯಬೇಕು, ಚಾಲೂ ಆದ ಮೇಲೆ ಕೆಳಗಿಳಿಸಿ ಗೇರು ಹಾಕಬೇಕು. ಮೂರನೆಯ ತುಳಿತಕ್ಕೆ ಎದ್ದಿತು. ಎರಡು ಸೈಲೆನ್ಸರುಗಳಿಂದ ಮೊದಲು ಬಂದ ಹೊಗೆ ಕ್ರಮೇಣ ತಿಳಿಯಾಯಿತು. ಹೊಗೆ ನಿಲ್ಲದೆ ಬಿಳಿಯಾಗಿ ಬರುತ್ತಲೇ ಇದ್ದಿದ್ದರೆ, ಒಳಗಿನ ಆಯಿಲ್ ಸೀಲು ಸವೆದು ಗೇರ್‌ಬಾಕ್ಸಿನ ಎಣ್ಣೆಯನ್ನು ಎಂಜಿನ್ನು ಕುಡಿಯುತ್ತಿದೆಯೆಂದು ಶಂಕಿಸಬೇಕಾಗುತ್ತಿತ್ತು.

ಇನ್ನು ಹಲ್ಲು. ಈ ಗಾಡಿಯ ಚೈನನ್ನು ಪೂರ್ತಿಯಾಗಿ ತಗಡಿನಲ್ಲಿ ಮುಚ್ಚಿರುತ್ತಾರೆ. ಮಲೆನಾಡಿನ ಕೆಸರಿಗೆ ಅದು ವರವೇ ಸರಿ; ಆದರೆ ಸವೆದ ಹಲ್ಲನ್ನೂ ಅದು ಮುಚ್ಚಿಬಿಡುತ್ತದೆ. ಬಿಚ್ಚಿಸಿ ನೋಡಿದೆವು. ಚಕ್ರದ ಹಲ್ಲುಗಳು ಕೊಕ್ಕೆಯಂತೆ ಬಾಗಿರಲಿಲ್ಲ. ಟೈರಿನ ಮೇಲಿನ ನಾಲ್ಕು ಅಂಕೆಗಳನ್ನು ಹುಡುಗನಿಂದಲೇ ಓದಿಸಿದೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ಹತ್ತು ವರ್ಷ ಹಳೆಯ ಟೈರು! ನೋಟಕ್ಕೆ ಗೀರು ಚೆನ್ನಾಗಿಯೇ ಇತ್ತು. ಆದರೆ ರಬ್ಬರು ಕಲ್ಲಿನಂತಾಗಿತ್ತು.

ಅಷ್ಟರಲ್ಲಿ ಮನೆಯ ಹಿರಿಯಾಕೆ ಹೊರಗೆ ಬಂದರು. ಗಾಡಿ ಅವರ ಯಜಮಾನರದು. ಅವರು ತೀರಿಕೊಂಡು ಎರಡು ವರ್ಷ. ಮಾರಲು ಅವಸರ ಮಗನಿಗೆ, ಅವನಿರುವುದು ಬೆಂಗಳೂರಿನಲ್ಲಿ. ನಾನು ಕೇಳಿದೆ: "ಅಮ್ಮಾ, ಎಣ್ಣೆ ಹೇಗೆ ಹಾಕುತ್ತಿದ್ದರು?"

ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ಈ ಬಗೆಯ ಎರಡು ಹೊಡೆತದ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯೇ ಪ್ರಾಣ. ಬೆರೆಸಲು ಮರೆತರೆ ಪಿಸ್ಟನ್ನು ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ನನ್ನ ಜಾವಾ ಆನಂದಪುರದ ಬಳಿ ಹೀಗೆ ಹಿಡಿದುಕೊಂಡು ನನ್ನನ್ನು ಚರಂಡಿಗೆ ಎಸೆದದ್ದು ನನ್ನದೇ ಮರವೆಯಿಂದ.

ಆಕೆ ಒಳಗೆ ಹೋಗಿ ಒಂದು ತಗಡಿನ ಅಳತೆಯ ಲೋಟವನ್ನೂ ಒಂದು ನೋಟುಬುಕ್ಕನ್ನೂ ತಂದರು. "ಇದರಲ್ಲಿ ಅಳೆಯದೆ ಒಂದು ದಿನವೂ ಹಾಕಿದವರಲ್ಲ ಮೇಷ್ಟ್ರೇ. ಬೈಸಿಕೊಂಡಿದ್ದೇನೆ ನಾನು, ಇದರಲ್ಲಿ ಹಾಲು ಅಳೆದಿದ್ದಕ್ಕೆ." ಪುಸ್ತಕದಲ್ಲಿ ತಾರೀಖು, ಪೆಟ್ರೋಲು, ಎಣ್ಣೆ, ಓಡಿದ ಮೈಲಿ, ಎಲ್ಲವೂ ಇತ್ತು. ಹಳೆಯ ಗಾಡಿ ಕೊಳ್ಳುವವನು ಕಬ್ಬಿಣವನ್ನಲ್ಲ, ಹಿಂದಿನವನ ಅಭ್ಯಾಸಗಳನ್ನು ಕೊಳ್ಳುತ್ತಾನೆ. ನನ್ನ ವಿರೋಧ ಅರ್ಧ ಕರಗಿತು.

ಕರಗದ ಅರ್ಧ ಕಾಗದಪತ್ರದ್ದು. ನೋಂದಣಿಗೆ ಕಾಯಿದೆ ಕೊಡುವುದು ಹದಿನೈದು ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೊಡ್ಡಿ ನವೀಕರಿಸಬೇಕು. ಈ ಗಾಡಿಯದು ಮುಗಿದುಹೋಗಿತ್ತು, ವಿಮೆಯೂ ಇರಲಿಲ್ಲ. ಮೇಲಾಗಿ ಪುಸ್ತಕದಲ್ಲಿ ಮೃತರ ಹೆಸರು. ವಾರಸುದಾರರ ಹೆಸರಿಗೆ ಬಾರದೆ ಕೊಂಡವನ ಹೆಸರಿಗೆ ಬಾರದು. "ಇವತ್ತೇ ಓಡಿಸಿಕೊಂಡು ಹೋಗುತ್ತೇನೆ ಸಾರ್, ಕಾಗದ ಆಮೇಲೆ ಮಾಡಿಸಿದರಾಯಿತು" ಎಂದ ಹುಡುಗ. ಹಣವನ್ನು ಆಗಲೇ ಜೇಬಿನಿಂದ ತೆಗೆದಿದ್ದ.

ಆಗ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತನಾಡಿದೆ. ಅವನ ದಾರಿಯೇನು ಬಯಲುಸೀಮೆಯ ದಾರಿಯೇ? ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಹುಲಿಕಲ್ಲಿನ ಕಡೆಗೂ ಕೃಪಣತೆ ತೋರುವುದಿಲ್ಲ. ಒದ್ದೆಯಾದ ಡ್ರಂ ಬ್ರೇಕು ಹಿಡಿಯುವ ಮುಂಚೆ ಒಂದು ಕ್ಷಣ ಯೋಚಿಸುತ್ತದೆ. ಘಾಟಿಯ ಇಳಿಜಾರಿನಲ್ಲಿ ಆಕ್ಸಿಲರೇಟರು ಮುಚ್ಚಿಕೊಂಡೇ ಇಳಿದರೆ ಪೆಟ್ರೋಲಿನೊಡನೆ ಎಣ್ಣೆಯೂ ನಿಲ್ಲುತ್ತದೆ. ಆಗಾಗ ತುಸು ತೆರೆದು ಎಂಜಿನ್ನಿಗೆ ಗುಟುಕು ಕೊಡಬೇಕು. ಎಡಗೈ, ಬಲಗೈ, ಎರಡು ಕಾಲು, ಇವಕ್ಕೆ ಇನ್ನೂ ಪರಸ್ಪರ ಪರಿಚಯವೇ ಆಗದ ಹೊಸಬ ಇದನ್ನೆಲ್ಲ ಎಂದು ನೆನೆದಾನು? ವಿಮೆಯಿಲ್ಲದ ಗಾಡಿಯ ಮುಂದೆ ಒಂದು ಶಾಲೆಯ ಮಗು ಅಡ್ಡ ಬಂದರೆ, ತಂದೆಯ ತೋಟ ಮಾರಿದರೂ ಆ ಋಣ ತೀರೀತೇ?

ಹುಡುಗನ ಮುಖ ಚಿಕ್ಕದಾಯಿತು. ಆಕೆ ನನ್ನ ಮಾತನ್ನೆಲ್ಲ ಕೇಳಿ, "ಕಾಗದ ನಾನು ಮಾಡಿಸಿಕೊಡುತ್ತೇನೆ, ಮಗ ಏನಾದರೂ ಅನ್ನಲಿ. ಅಲ್ಲಿಯವರೆಗೆ ಬೇರೆಯವರಿಗೆ ಕೊಡುವುದಿಲ್ಲ" ಎಂದು ಒಳಗೆ ಹೋದರು. ನಾವು ಬಸ್ಸಿನಲ್ಲಿ ಮರಳಿದೆವು. ಕೋಣಂದೂರು ದಾಟುವವರೆಗೂ ಅವನು ನನ್ನೊಡನೆ ಮಾತಾಡಲಿಲ್ಲ.

ಮಳೆಗಾಲವನ್ನೆಲ್ಲ ಅವನು ಸೋದರಮಾವನ ಹಳೆಯ ಸ್ಪ್ಲೆಂಡರಿನಲ್ಲಿ ಬಿದ್ದೆದ್ದು ಕಲಿತನಂತೆ. ದೀಪಾವಳಿಯ ಮಾರನೆಯ ದಿನ ನಮ್ಮ ಮನೆಯ ತಿರುವಿನಲ್ಲಿ ಆ ಸದ್ದು ಕೇಳಿಸಿತು. ಹೊಸ ಟೈರು, ಹೊಸ ಬ್ರೇಕ್ ಶೂ, ಅವನ ಹೆಸರಿನ ಕಾಗದ. ಪಕ್ಕದ ಡಬ್ಬಿಯನ್ನು ತೆರೆದು ತಗಡಿನ ಲೋಟವನ್ನು ತೋರಿಸಿದ.

"ಗಾಡಿಯ ಜೊತೆ ಇದನ್ನು ಕೊಟ್ಟಿರಲಿಲ್ಲ ಸಾರ್. ಮೊನ್ನೆ ನನ್ನ ಹೆಸರಿಗಾದ ಆರ್.ಸಿ. ತೋರಿಸಲು ಹೋಗಿದ್ದೆ, ಆಗ ಕೊಟ್ಟರು."