ಹೊಗೆಸೊಪ್ಪು ಬಿಡುವ ಮೊದಲು ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳು

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಕಡೆಯ ರೈತರು ನನ್ನನ್ನು ಹೆಚ್ಚಾಗಿ ಕೇಳೋ ಪ್ರಶ್ನೆ ಒಂದೇ: "ಹೊಗೆಸೊಪ್ಪು ಬಿಟ್ರೆ ಆ ಜಾಗಕ್ಕೆ ಏನು ಹಾಕೋದು?" ನಾನು ತೋಟಗಾರಿಕೆ ಓದಿ, ಈಗ ಕಟ್ಟೆಮಳಲವಾಡಿ ಹತ್ತಿರ ಸಾವಯವದಲ್ಲಿ ಬೇಸಾಯ ಮಾಡ್ತಿರೋನು. ಹಾಗಾಗಿ ಯಾವುದಾದರೂ ಒಂದು ಬೆಳೆಯ ಹೆಸರು ಹೇಳ್ತೀನಿ ಅಂತ ಕೇಳಿದವರು ಕಾಯ್ತಾರೆ. ಶುಂಠಿ, ಅಡಿಕೆ, ಬಾಳೆ, ಮುಸುಕಿನ ಜೋಳ ಅಂತ ಹೆಸರು ಹೇಳೋದು ಸುಲಭ. ಆದರೆ ಬರೀ ಬೆಳೆಯ ಹೆಸರಿನಿಂದ ಈ ಪ್ರಶ್ನೆ ತೀರೋದಿಲ್ಲ. ಯಾಕೆ ಅಂತ ಈ ವಾರ ವಿವರವಾಗಿ ನೋಡೋಣ.

ಹೊಗೆಸೊಪ್ಪು ಇಷ್ಟು ಗಟ್ಟಿಯಾಗಿ ಬೇರೂರಿದ್ದು ಹೇಗೆ?

ನಮ್ಮೂರಲ್ಲಿ ಲಕ್ಷ್ಮಣತೀರ್ಥದ ಅಣೆಕಟ್ಟೆಯ ನಾಲೆ ನೀರು ಹರಿಯೋ ಕಡೆ ಭತ್ತ. ನಾಲೆ ಮೇಲಿನ ಕೆಂಪು ಮರಳುಮಿಶ್ರಿತ ಹೊಲಗಳಿಗೆ ಮಳೆಯೇ ಗತಿ. ಮೇ-ಜೂನ್‌ನಲ್ಲಿ ಮಳೆ ನೋಡಿಕೊಂಡು ನೆಟ್ಟ ವರ್ಜೀನಿಯಾ ಹೊಗೆಸೊಪ್ಪು ಇಂಥ ಮಣ್ಣಿಗೆ ಚೆನ್ನಾಗಿ ಒಗ್ಗಿತು. ಆದರೆ ಮಣ್ಣು ಒಗ್ಗುವ ಬೆಳೆ ಬೇರೆಯವೂ ಇದ್ದವು. ಹೊಗೆಸೊಪ್ಪನ್ನು ನಿಲ್ಲಿಸಿದ್ದು ಅದರ ಸುತ್ತ ಕಟ್ಟಿದ ವ್ಯವಸ್ಥೆ.

1975ರಲ್ಲಿ ತಂಬಾಕು ಮಂಡಳಿ ಕಾಯ್ದೆ ಬಂತು, 1976ರ ಜನವರಿ 1ರಿಂದ ಮಂಡಳಿ ಶುರುವಾಯಿತು. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯೇ ಹರಾಜು ಆರಂಭಿಸಿತು. ಆಮೇಲಿನ ಕ್ರಮ ನಿಮಗೆಲ್ಲ ಗೊತ್ತು. ಬೆಳೆಗಾರನಿಗೆ ನೋಂದಣಿ, ಬ್ಯಾರನ್‌ಗೆ ಲೈಸೆನ್ಸ್, ವರ್ಷಕ್ಕೆ ಇಷ್ಟೇ ಬೆಳೆಯಬೇಕು ಅನ್ನೋ ಮಿತಿ. ಲೈಸೆನ್ಸ್ ನೋಡಿ ಬ್ಯಾಂಕು ಸಾಲ ಕೊಡುತ್ತೆ, ಗೊಬ್ಬರ ಮಂಡಳಿ ಮೂಲಕ ಸಿಗುತ್ತೆ. ಬೇಲ್ ಕಟ್ಟಿ ಪ್ಲಾಟ್‌ಫಾರಂಗೆ ಹಾಕಿದರೆ ತೂಕ, ದರ್ಜೆ, ದರ ಎಲ್ಲ ನಮ್ಮ ಕಣ್ಣ ಮುಂದೆ. ಸಾಲ ಮುರಿದುಕೊಂಡು ಉಳಿದ ದುಡ್ಡು ಖಾತೆಗೆ ಬರುತ್ತೆ.

ಟೊಮೆಟೊ ಬೆಳೆದವನಿಗೆ, ಶುಂಠಿ ಬೆಳೆದವನಿಗೆ ಇದರಲ್ಲಿ ಎಷ್ಟು ಸಿಗುತ್ತೆ ಹೇಳಿ? ದರ ಕಡಿಮೆಯಾದ ವರ್ಷ ಪ್ಲಾಟ್‌ಫಾರಂ ಮುಂದೆ ಧರಣಿ ಕೂರೋಕೂ ಒಂದು ಜಾಗ ಇದೆ. ಟೊಮೆಟೊ ದರ ಬಿದ್ದರೆ ರಸ್ತೆಗೆ ಸುರಿಯೋದು ಬಿಟ್ಟು ಬೇರೆ ದಾರಿ ಇರಲ್ಲ.

ತಂತ್ರಜ್ಞಾನ ಬಂದಾಗ ನಮ್ಮ ಜನ ಹಿಂದೆ ಬೀಳಲಿಲ್ಲ

ರೈತರು ಬದಲಾಗೋದಿಲ್ಲ ಅನ್ನೋ ಮಾತನ್ನು ನಾನು ಒಪ್ಪಲ್ಲ. ಮೊದಲು ಹರಾಜು ಅಂದ್ರೆ ಕೂಗಾಟ. ಬೇಲ್ ಸಾಲಿನ ಉದ್ದಕ್ಕೂ ಹರಾಜು ಕೂಗುವವರ ಹಿಂದೆ ಕೊಳ್ಳುವವರು ನಡೆದು ಹೋಗ್ತಿದ್ದರು, ಸನ್ನೆಯಲ್ಲೇ ದರ ಮುಗಿಯುತ್ತಿತ್ತು. ಈಗ ಇ-ಹರಾಜು. ಕೊಳ್ಳುವವರು ಕೈಯಲ್ಲಿರೋ ಯಂತ್ರದಲ್ಲಿ ದರ ಒತ್ತುತ್ತಾರೆ. ಓದು ಬರಹ ಕಡಿಮೆ ಇರೋ ಹಿರಿಯರೂ ಇದಕ್ಕೆ ಬೇಗ ಹೊಂದಿಕೊಂಡರು, ಯಾಕಂದ್ರೆ ಅದರಿಂದ ಅವರಿಗೆ ಆಗುವ ಲಾಭ ಕಣ್ಣಿಗೆ ಕಾಣುತ್ತಿತ್ತು. ಪ್ರಯೋಜನ ಸ್ಪಷ್ಟವಾಗಿದ್ದರೆ ರೈತ ಬದಲಾಗ್ತಾನೆ. "ಬದಲಾಗಿ" ಅಂತ ಭಾಷಣ ಮಾಡಿದರೆ ಬದಲಾಗಲ್ಲ.

ಹಾಗಾದರೆ ಬಿಡುವ ಮಾತು ಈಗ ಯಾಕೆ?

ಹೊರಗಿನ ಪ್ರಪಂಚ ಬದಲಾಗಿದೆ, ಅದಕ್ಕೆ. 2003ರಲ್ಲಿ ನಮ್ಮ ದೇಶದಲ್ಲಿ ತಂಬಾಕು ಉತ್ಪನ್ನಗಳ ನಿಯಂತ್ರಣ ಕಾಯ್ದೆ ಆಯಿತು. 2004ರಲ್ಲಿ ಭಾರತ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅನುಮೋದಿಸಿತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳದಲ್ಲಿ ಸೇದುವುದಕ್ಕೆ ನಿಷೇಧ. 2016ರಿಂದ ಪ್ಯಾಕಿನ ಶೇ. 85 ಭಾಗ ಎಚ್ಚರಿಕೆ ಚಿತ್ರ. ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಬೇಕು ಅಂತಲೂ ಆ ಒಪ್ಪಂದದ 17ನೇ ವಿಧಿ ಹೇಳುತ್ತೆ. ನಿಯಂತ್ರಣ ಹಂತಹಂತವಾಗಿ ಬಂತು, ಬದಲಿ ಮಾತ್ರ ನಮ್ಮ ಹೊಲದ ತನಕ ಆ ವೇಗದಲ್ಲಿ ಬರಲಿಲ್ಲ.

ಒಳಗಿನ ಲೆಕ್ಕವೂ ಬದಲಾಗಿದೆ. ಒಂದು ಕಿಲೋ ಹದವಾದ ಎಲೆಗೆ ನಾಲ್ಕೈದು ಕಿಲೋ ಸೌದೆ ಬೇಕು. ಒಂದು ಸಲ ಬ್ಯಾರನ್ ತುಂಬಿದರೆ ಐದಾರು ದಿನ ರಾತ್ರಿ ಹಗಲು ಉರಿ ಕಾಯಬೇಕು, ಕೊನೆ ಹಂತದಲ್ಲಿ ಶಾಖ ಸುಮಾರು 70 ಡಿಗ್ರಿ ತನಕ ಹೋಗಬೇಕು. ಈ ನಿದ್ದೆಗೆಟ್ಟ ಕೆಲಸಕ್ಕೆ ಹುಡುಗರು ಸಿಗಲ್ಲ, ಮೈಸೂರಿನ ಕಾರ್ಖಾನೆ ಕಡೆ ಬಸ್ ಹತ್ತಿದ್ದಾರೆ. ಮುಯ್ಯಾಳು ಕಮ್ಮಿಯಾಗಿ ಎಲ್ಲಕ್ಕೂ ಕೂಲಿ. ಒದ್ದೆ ಎಲೆ ಮುರಿದ ದಿನ ಹೆಣ್ಣುಮಕ್ಕಳಿಗೆ ತಲೆಸುತ್ತು, ವಾಂತಿ. ಇದು ಪಿತ್ತ ಅಲ್ಲ, ಎಲೆಯ ನಿಕೋಟಿನ್ ಚರ್ಮದ ಮೂಲಕ ಒಳಗೆ ಇಳಿಯೋದರಿಂದ ಆಗೋ ಕಾಯಿಲೆ. ಕೈಗವಸು, ಉದ್ದ ತೋಳಿನ ಅಂಗಿ ಇಲ್ಲದೆ ಯಾರನ್ನೂ ಆ ಕೆಲಸಕ್ಕೆ ಇಳಿಸಬೇಡಿ.

ಕೊಳ್ಳುವ ಕಂಪನಿ ಏನು ಮಾಡಿತು?

ನಮ್ಮ ಸೊಪ್ಪಿನ ದೊಡ್ಡ ಖರೀದಿದಾರ ಐಟಿಸಿ. 1910ರಲ್ಲಿ ಅದು ಶುರುವಾದಾಗ ಹೆಸರು ಇಂಪೀರಿಯಲ್ ಟೊಬ್ಯಾಕೊ ಕಂಪನಿ. 1970ರಲ್ಲಿ ಇಂಡಿಯಾ ಟೊಬ್ಯಾಕೊ ಕಂಪನಿ ಆಯಿತು, 1974ರಲ್ಲಿ ಬರೀ ಐಟಿಸಿ. ಹೆಸರಿನಿಂದ ತಂಬಾಕು ಹೋಯಿತು. 1975ರಲ್ಲಿ ಹೋಟೆಲ್, ಆಮೇಲೆ ಕಾಗದ, 2002ರಲ್ಲಿ ಆಶೀರ್ವಾದ್ ಗೋಧಿ ಹಿಟ್ಟು, ಮುಂದೆ ಬಿಸ್ಕತ್ತು, ಚಿಪ್ಸ್. ಆದರೆ ಸಿಗರೇಟು ಬಿಟ್ಟಿತಾ? ಇಲ್ಲ. ಇವತ್ತಿಗೂ ಲಾಭದಲ್ಲಿ ಅದರದ್ದೇ ದೊಡ್ಡ ಪಾಲು. ಹಳೆಯದರಿಂದ ದುಡ್ಡು ಬರ್ತಿರೋವಾಗಲೇ ಆ ದುಡ್ಡಲ್ಲಿ ಹೊಸದನ್ನು ಕಟ್ಟಿತು.

ಸಂಶೋಧನೆಯವರೂ ಅದೇ ದಾರಿ ಹಿಡಿದಿದ್ದಾರೆ. ಹುಣಸೂರಿನಲ್ಲಿ ಕೇಂದ್ರ ಇರುವ, ರಾಜಮಹೇಂದ್ರವರಂನ ಕೇಂದ್ರ ತಂಬಾಕು ಸಂಶೋಧನಾ ಸಂಸ್ಥೆ ಈಗ ವಾಣಿಜ್ಯ ಕೃಷಿ ಸಂಶೋಧನೆಯ ರಾಷ್ಟ್ರೀಯ ಸಂಸ್ಥೆ ಅನ್ನೋ ಹೆಸರು ಪಡೆದಿದೆ. ಕೊಳ್ಳುವವನು ನಾಲ್ಕು ಕಾಲಿನ ಮೇಲೆ ನಿಂತ, ಸಂಶೋಧನೆ ಹೊಸ ಹೆಸರು ಹೊತ್ತಿತು. ಒಂಟಿ ಕಾಲಲ್ಲಿ ಉಳಿದವನು ಬೆಳೆಗಾರ ಒಬ್ಬನೇ. ಸೊಪ್ಪಿಗೆ ಒಳ್ಳೆ ದರ ಬಂದ ವರ್ಷವೇ ಎರಡನೇ ಕಾಲು ಊರೋಕೆ ಸರಿಯಾದ ಸಮಯ. ದರ ಬಿದ್ದ ಮೇಲೆ ಬಿಡೋಕೆ ಹೋದರೆ ಕೈಯಲ್ಲಿ ಸಾಲ ಬಿಟ್ಟು ಏನೂ ಇರಲ್ಲ.

ನಾಲ್ಕು ಪ್ರಶ್ನೆಗಳು

ಯಾವುದೇ ಬದಲಿ ಬೆಳೆಯ ಮುಂದೆ ಈ ನಾಲ್ಕನ್ನು ಇಟ್ಟು ನೋಡಿ.

1. ಯಾರು ಕೊಳ್ತಾರೆ, ದರ್ಜೆ ಯಾರ ಮುಂದೆ ನಿಗದಿ ಆಗುತ್ತೆ?
2. ದುಡ್ಡು ಎಷ್ಟು ದಿನಕ್ಕೆ ಖಾತೆಗೆ ಬರುತ್ತೆ?
3. ಬಿತ್ತನೆಗೆ ಮೊದಲು ಸಾಲ ಯಾರು ಕೊಡ್ತಾರೆ?
4. ಮಳೆ ಅಥವಾ ದರ ಕೈಕೊಟ್ಟ ವರ್ಷ ಮನೆ ಹೇಗೆ ನಡೆಯುತ್ತೆ?

ಶುಂಠಿ ನೋಡಿ. ದರ ಬಂದರೆ ಹೊಗೆಸೊಪ್ಪನ್ನೂ ಮೀರಿಸುತ್ತೆ. ಆದರೆ ಮೊದಲ ಮತ್ತು ನಾಲ್ಕನೇ ಪ್ರಶ್ನೆಗೆ ಭರವಸೆಯ ಉತ್ತರ ಇಲ್ಲ. ಗೆಡ್ಡೆ ಕೊಳೆ ರೋಗ ಒಮ್ಮೆ ಬಂದ ಹೊಲದಲ್ಲಿ ವರ್ಷಗಟ್ಟಲೆ ಮತ್ತೆ ಶುಂಠಿ ಹಾಕೋ ಹಾಗಿಲ್ಲ. ಹೊಲವನ್ನು ಶುಂಠಿಯವರಿಗೆ ಗುತ್ತಿಗೆ ಕೊಡುವವರು ಇನ್ನೊಂದು ವಿಷಯ ತಿಳಿದಿರಬೇಕು. ನಮ್ಮ ತಾಲ್ಲೂಕಿನ ಕಲ್ಲಹಳ್ಳಿಯವರೇ ಆದ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಬಿಗಿಯಾದ ಭೂಸುಧಾರಣೆ ಕಾಯ್ದೆ ಕೃಷಿ ಜಮೀನಿನ ಗೇಣಿಯನ್ನು ನಿಷೇಧಿಸುತ್ತೆ. ಹಾಗಾಗಿ ಈ ಗುತ್ತಿಗೆಗಳು ಹೆಚ್ಚಾಗಿ ಬಾಯಿಮಾತಿನವು. ಜಗಳ ಬಂದರೆ ಕಾನೂನಿನ ಬಲ ಕಡಿಮೆ, ರೋಗ ಹಿಡಿದ ಮಣ್ಣು ಮಾತ್ರ ನಮ್ಮ ಪಾಲಿಗೆ.

ಅಡಿಕೆಗೆ ಕೊಳ್ಳುವವರು ಇದ್ದಾರೆ, ಆದರೆ ಫಸಲು ಕಾಣೋಕೆ ಐದಾರು ವರ್ಷ, ಅಷ್ಟು ದಿನವೂ ನೀರು ಬೇಕು. ಬರೀ ಬೋರ್‌ವೆಲ್ ನಂಬಿ ಹೊಗೆಸೊಪ್ಪಿನ ಒಣ ಹೊಲವನ್ನೆಲ್ಲ ಅಡಿಕೆ ಮಾಡೋದು ಅಪಾಯ. ಮುಸುಕಿನ ಜೋಳ ಸುಲಭ, ಆದರೆ 2018ರಲ್ಲಿ ಕರ್ನಾಟಕದಲ್ಲೇ ಮೊದಲು ಪತ್ತೆಯಾದ ಫಾಲ್ ಸೈನಿಕ ಹುಳುವಿನ ಖರ್ಚು ಸೇರಿಸಿ ಲೆಕ್ಕ ಹಾಕಿ.

ನಾಲ್ಕಕ್ಕೂ ಹತ್ತಿರ ಬರೋದು ಡೇರಿ. ಬೆಳಿಗ್ಗೆ ಸಂಜೆ ಹಾಲಿನ ಸಂಘ ತೆಗೆದುಕೊಳ್ಳುತ್ತೆ, ಗುಣಮಟ್ಟ ಅಲ್ಲೇ ಅಳೆಯುತ್ತಾರೆ, ದುಡ್ಡು ತಪ್ಪದೆ ಖಾತೆಗೆ ಬರುತ್ತೆ. ಹೊಗೆಸೊಪ್ಪಿನ ಹಾಗೆ ಇಲ್ಲೂ ಗಟ್ಟಿಯಾಗಿರೋದು ವ್ಯವಸ್ಥೆಯೇ. ರಾಗಿಯೂ ಈಗ ಮೊದಲಿನ ಹಾಗಿಲ್ಲ. ಸರ್ಕಾರ ಬೆಂಬಲ ಬೆಲೆಯಲ್ಲಿ ಕೊಳ್ಳುತ್ತೆ, 2025-26ಕ್ಕೆ ಕ್ವಿಂಟಾಲಿಗೆ 4,886 ರೂಪಾಯಿ. ಅದಕ್ಕೆ ಫ್ರೂಟ್ಸ್ ನೋಂದಣಿ ಸಂಖ್ಯೆ ಬೇಕು, ಬೆಳೆ ಸಮೀಕ್ಷೆಯಲ್ಲಿ ರಾಗಿ ಅಂತಲೇ ದಾಖಲಾಗಿರಬೇಕು. ಖರೀದಿ ಕೇಂದ್ರ ತೆರೆದ ಮೇಲೆ ಓಡಾಡೋ ಬದಲು ಇದನ್ನು ಮೊದಲೇ ನೋಡಿಕೊಳ್ಳಿ.

ಹೊಗೆಸೊಪ್ಪಿನ ಹೊಲಕ್ಕೆ ಮೊದಲು ಏನು ಹಾಕಬಾರದು?

ಹೊಗೆಸೊಪ್ಪು ಬಿಟ್ಟ ಹೊಲಕ್ಕೆ ಮಾರನೇ ಹಂಗಾಮಿಗೇ ಟೊಮೆಟೊ, ಮೆಣಸಿನಕಾಯಿ, ಬದನೆ ಹಾಕಬೇಡಿ. ನಾಲ್ಕೂ ಒಂದೇ ಕುಟುಂಬದ ಗಿಡಗಳು. ಬೇರುಗಂಟು ಜಂತುಹುಳು ಮಣ್ಣಲ್ಲೇ ಕಾಯ್ತಿರುತ್ತೆ. ಮೊಸಾಯಿಕ್ ನಂಜು ರೋಗ ಹಳೇ ಕಡ್ಡಿ, ಬೇರಿನ ಚೂರಿನಲ್ಲಿ ಉಳಿದಿರುತ್ತೆ, ಸೊಪ್ಪು ಮುಟ್ಟಿದ ಕೈಯಿಂದಲೂ ಹರಡುತ್ತೆ.

ಮೊದಲು ರಾಗಿ ಹಾಕಿ. ಸೊಪ್ಪಿಗೆ ಹಾಕಿದ ಗೊಬ್ಬರದಲ್ಲಿ ಉಳಿದದ್ದನ್ನು ಅದು ಚೆನ್ನಾಗಿ ಬಳಸಿಕೊಳ್ಳುತ್ತೆ. ಸಾಲಿನ ನಡುವೆ ಅವರೆ, ಹುಚ್ಚೆಳ್ಳು ಇರಲಿ. ಅಂಚಿಗೆ, ಆಮೇಲಿನ ಬೆಳೆಗೆ ಚೆಂಡುಮಲ್ಲಿಗೆ ಒಳ್ಳೆಯದು, ಅದರ ಬೇರು ಜಂತುಹುಳುವನ್ನು ಕಡಿಮೆ ಮಾಡುತ್ತೆ. ಹೂವಿಗೆ ಮೈಸೂರಲ್ಲಿ ಮಾರುಕಟ್ಟೆಯೂ ಇದೆ. ಎರಡು ವರ್ಷ ಹೀಗೆ ನಡೆಸಿ ತರಕಾರಿಗೆ ಬನ್ನಿ. ಸಾವಯವ ಪ್ರಮಾಣಪತ್ರಕ್ಕೂ ವಾರ್ಷಿಕ ಬೆಳೆಗೆ ಎರಡು ವರ್ಷದ ಪರಿವರ್ತನೆ ಅವಧಿ ಬೇಕೇ ಬೇಕು, ಎರಡೂ ಒಟ್ಟಿಗೆ ಆಗುತ್ತೆ. ಒಬ್ಬರೇ ಮಾಡಿಸೋದು ದುಬಾರಿ. ಪಿಜಿಎಸ್ ಪದ್ಧತಿಯಲ್ಲಿ ಐದು ಜನ ಅಕ್ಕಪಕ್ಕದ ರೈತರು ಗುಂಪು ಕಟ್ಟಿದರೆ ಸಾಕು.

ಮೂರು ವರ್ಷದ ದಾರಿ

ಮೊದಲ ವರ್ಷ ನಾಲ್ಕರಲ್ಲಿ ಒಂದು ಭಾಗ ಹೊಲ ಮಾತ್ರ ಬಿಡಿಸಿ. ಸೌದೆ ಸಾಲದೆ, ಆಳು ಸಾಲದೆ ಪ್ರತಿ ವರ್ಷ ಕೊನೇ ಸುತ್ತಿನ ಎಲೆ ಹಾಳಾಗುವ ಭಾಗವನ್ನೇ ಆರಿಸಿ. ಲೈಸೆನ್ಸ್ ಈಗಲೇ ಬಿಟ್ಟುಕೊಡಬೇಡಿ. ಕಡಿಮೆ ಬೆಳೆದರೆ ಮಿತಿ ಮೇಲೆ, ಸಾಲದ ಮೇಲೆ ಏನು ಪರಿಣಾಮ ಅಂತ ಮಂಡಳಿ ಕಚೇರಿಯಲ್ಲಿ, ಬ್ಯಾಂಕಿನಲ್ಲಿ ಮೊದಲೇ ಕೇಳಿ.

ಎರಡನೇ ವರ್ಷ ಕೊಳ್ಳುವವರನ್ನು ಹುಡುಕಿ. ಹತ್ತು ಮನೆ ಸೇರಿ ಒಂದು ಗಾಡಿ ತುಂಬುವಷ್ಟು ಬೆಳೆದರೆ ಮೈಸೂರಿನ ಅಂಗಡಿಯವರು ಮಾತಾಡ್ತಾರೆ. ಒಬ್ಬರ ಎರಡು ಚೀಲಕ್ಕೆ ಯಾರೂ ಬರಲ್ಲ. ದರ್ಜೆ ಮಾಡೋ ಕಲೆ ನಮ್ಮ ಹೆಣ್ಣುಮಕ್ಕಳ ಕೈಯಲ್ಲಿದೆ. ಎಲೆಯ ಬಣ್ಣ ನೋಡಿ ದರ್ಜೆ ಬೇರ್ಪಡಿಸೋ ಕಣ್ಣಿಗೆ ಬಾಳೆ, ಟೊಮೆಟೊ ವಿಂಗಡಿಸೋದು ಕಷ್ಟವೇ ಅಲ್ಲ. ಇದಕ್ಕೆ ಕೂಲಿ ಮಾತ್ರ ಅಲ್ಲ, ಲೆಕ್ಕದಲ್ಲಿ ಅವರ ಪಾಲೂ ಬರೀರಿ.

ಮೂರನೇ ವರ್ಷ ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಇನ್ನೊಂದು ಭಾಗ ಬಿಡಿಸಬೇಕಾ ಅಂತ ತೀರ್ಮಾನಿಸಿ. ಬ್ಯಾರನ್ ಕೆಡವಬೇಕಿಲ್ಲ, ಗೋಡೆಗೆ ಹೊಸ ಗಾರೆ ಮಾಡಿಸಿ ವಾಸನೆ ಹೋದ ಮೇಲೆ ಉಗ್ರಾಣ ಮಾಡಿಕೊಳ್ಳಬಹುದು. ಅದಕ್ಕೆ ಮೊದಲು ಅಲ್ಲಿ ಕಾಳು ಕಡಿ ಇಡಬೇಡಿ.

ಸಸಿಮಡಿ ಹಾಕೋಕೆ ಮುಂಚೆ ಒಂದು ಸಂಜೆ ಮನೆಯವರೆಲ್ಲ ಕೂತು ಹೋದ ವರ್ಷದ ಹೊಗೆಸೊಪ್ಪಿನ ಲೆಕ್ಕ ಬರೀರಿ: ಸೌದೆ, ಕೂಲಿ, ಗೊಬ್ಬರ, ಬಡ್ಡಿ, ಜೊತೆಗೆ ನಿಮ್ಮ ಮನೆಯವರ ದುಡಿಮೆಗೂ ದಿನಗೂಲಿ ಹಾಕಿ. ಬಂದ ದುಡ್ಡಲ್ಲಿ ಇದನ್ನು ಕಳೆದು ಉಳಿಯೋ ಮೊತ್ತವೇ ನಿಮ್ಮ ನಿಜವಾದ ಲಾಭ. ಹೊಸ ಬೆಳೆ ಗೆಲ್ಲಬೇಕಿರೋದು ಆ ಮೊತ್ತವನ್ನು, ಪ್ಲಾಟ್‌ಫಾರಂನಲ್ಲಿ ಕಂಡ ಕಿಲೋ ದರವನ್ನಲ್ಲ.